ಖುಷಿಗೆ ಹೊಡೆದ ಚೆಂಡು

ಇಷ್ಟಕ್ಕೆಲ್ಲ ಕಾರಣ ಹೆಂಡತಿಯ ತಮ್ಮ. ಗಾಲ್ಫ್ ಆಡುವ ಭಾವನ ಬ್ಯಾಗು ಹೊತ್ತುಕೊಂಡು ಸುಮ್ಮನೆ ಬರುತ್ತಿದ್ದವನು, ಅದೆಲ್ಲೋ ಮನೋಬಲದ ಶಿಬಿರಕ್ಕೆ ಹೋಗಿಬಂದು ಗುರುವೇ ಆಗಿಬಿಟ್ಟಿದ್ದ.

“ಭಾವ, ನೀವು ಆಟಾನ ಅನುಭವಿಸ್ತಾನೇ ಇಲ್ಲ. ಚೆಂಡು ಎಲ್ಲಾದ್ರೂ ಹಾಳಾಗಿ ಹೋಗ್ಲಿ, ನೀವು ನಗಬೇಕು. ಜೋರಾಗಿ!”

ಭಾವ ಒಪ್ಪಿದ್ದು ಪ್ರಾಣಸಂಕಟಕ್ಕೆ. ಇವತ್ತು ಹಿಂದೆ ಬಿದ್ದರೆ ಮುಂದಿನ ವರ್ಷ ವೃತ್ತಿಪರರ ಸಾಲಿನಲ್ಲಿ ಜಾಗವಿಲ್ಲ. ಮಾವನ ಟೈಲ್ಸ್ ಅಂಗಡಿಯಲ್ಲಿ ಕೂರಬೇಕು. ಆ ಮಾವನೂ ಅಳಿಯನ ಆಟ ನೋಡಲು ಮೊದಲ ಸಲ ಬಂದು, ಹಗ್ಗದಾಚೆ ಕೊಡೆ ಹಿಡಿದು ನಿಂತಿದ್ದರು.

ಮೊದಲ ಹೊಡೆತವೇ ಮರಳುಗುಂಡಿಗೆ ಬಿತ್ತು. ಬಾಮೈದ ಹೇಳಿಕೊಟ್ಟಂತೆ ಅಳಿಯ ಹಹ್ಹಹ್ಹಾ ಎಂದ.

“ಯಾರ ಕಡೆಯವರು ಇವ್ರು?” ಎಂದು ಪಕ್ಕದವರು ಕೇಳಿದರು.

“ನಂಗೊತ್ತಿಲ್ಲ,” ಎಂದರು ಮಾವ.

ಜೊತೆಗೆ ಆಡುತ್ತಿದ್ದವನನ್ನು ಎಲ್ಲರೂ ಮೌನಿ ಎಂದೇ ಕರೆಯುತ್ತಿದ್ದರು. ಅವನು ಕುಳಿಯ ಹತ್ತಿರದಿಂದಲೇ, ಉಸಿರು ಬಿಗಿಹಿಡಿದು ಚೆಂಡು ತಳ್ಳಿದ. ತಪ್ಪಿತು. ಅದೇ ಗಳಿಗೆಯಲ್ಲಿ ಬಾಮೈದ ಪಕ್ಕೆಗೆ ತಿವಿದು “ನಿಮ್ಮ ಮರಳಿನ ಹೊಡೆತಕ್ಕೆ ಇನ್ನೊಂದು ನಗು ಬಾಕಿ ಇದೆ” ಎಂದ. ಅಳಿಯ ನಕ್ಕುಬಿಟ್ಟ.

“ಥೂ, ಇವನೂ ಒಬ್ಬ ಮನುಷ್ಯನಾ?” ಎಂದು ಯಾರೋ ಕೂಗಿದರು.

“ಅಯ್ಯೋ, ನಾನು ನಕ್ಕಿದ್ದು ನಂಗೇ ಸ್ವಾಮಿ!” ಎಂದು ಅಳಿಯ ತೊದಲಿದ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅದೇನೋ ಮೈದಾನದ ತುಂಬ ಹದಿನೆಂಟು ಕುಳಿಗಳಾಗಿ ಬಾಯಿಬಿಟ್ಟಿತ್ತು, ಆದರೆ ಎಲ್ಲವೂ ಚೆಂಡು ಹಿಡಿಸುವಷ್ಟೇ.

ಕೊನೆಯ ಕುಳಿಗೆ ಬಂದಾಗಲೂ ಒಂದಿಷ್ಟು ಆಸೆ ಉಳಿದಿತ್ತು. ಮೂರೇ ಹೊಡೆತದಲ್ಲಿ ಮುಗಿಸಿದರೆ ಬಚಾವ್. ಮೊದಲ ಹೊಡೆತಕ್ಕೆ ಇಬ್ಬರ ಚೆಂಡೂ ಒಂದೇ ಕಡೆ ಎತ್ತರದ ಹುಲ್ಲಿಗೆ ಹೋದವು.

“ನಗಿ ಭಾವ!”

“ಬಾಯ್ಮುಚ್ಚಯ್ಯ!”

ಯಾರ ಮುಖವನ್ನೂ ನೋಡಲಾರದೆ ಅಳಿಯ ತಲೆ ತಗ್ಗಿಸಿಕೊಂಡೇ ಮುಂದೆ ನಡೆದ. ಹುಲ್ಲಿನಲ್ಲಿ ಬೆಳ್ಳಗೆ ಕಂಡಿತು. ಮಾನ ಹೋದದ್ದಂತೂ ಹೋಯಿತು, ಒಂದು ಸಲ ನನ್ನ ಖುಷಿಗೆ ಹೊಡೆದುಬಿಡ್ತೀನಿ ಎಂದುಕೊಂಡು ಬೀಸಿದ. ಚೆಂಡು ಹಾರಿತು, ಇಳಿಯಿತು, ಉರುಳಿಕೊಂಡು ಹೋಗಿ ಕುಳಿಯೊಳಗೆ ಬಿತ್ತು. ನಗು ತಾನಾಗಿಯೇ ಬಂತು.

ಮಾವ ಹಗ್ಗ ದಾಟಿ ಓಡಿಬಂದು ತಬ್ಬಿಕೊಂಡರು. “ನನ್ನ ಅಳಿಯ ಕಣ್ರೀ! ನನ್ನ ಅಳಿಯ!”

ಮೌನಿ ಕುಳಿಯಿಂದ ಚೆಂಡು ತೆಗೆದು, ಅದರ ಮೇಲೆ ಶಾಯಿಯಲ್ಲಿ ಹಾಕಿದ್ದ ಗುರುತು ನೋಡಿ, ಅವತ್ತು ಮೊದಲ ಬಾರಿಗೆ ಬಾಯಿಬಿಟ್ಟ. “ಇದು ನಂದು.”

ಹೊಡೆಯುವ ಮುಂಚೆ ಗುರುತು ನೋಡುವುದು ಬಾಮೈದನ ಕೆಲಸ. “ನಾನು ನಿಮ್ಮ ಮುಖಾನೇ ನೋಡ್ತಿದ್ದೆ ಭಾವ, ಎಷ್ಟು ಖುಷಿಯಾಗಿದ್ರಿ!” ಎಂದ ಅವನು.

ತೀರ್ಪುಗಾರರು ಆ ಹೊಡೆತ ಲೆಕ್ಕಕ್ಕಿಲ್ಲವೆಂದು ಎರಡು ಹೊಡೆತ ದಂಡ ಹಾಕಿ, ಸ್ವಂತ ಚೆಂಡು ಹುಡುಕಿ ಮತ್ತೆ ಆಡಿ ಎಂದರು. ಅಲ್ಲಿಗೆ ಮೂರೂ ಮುಗಿದು ಜಾಗ ಹೋಯಿತು.

“ಚೆಂಡು ಯಾರದ್ದಾದ್ರೇನ್ರೀ, ಹೊಡೆದಿದ್ದು ನಮ್ಮೋನೇ ತಾನೆ?” ಎಂದು ಮಾವ ತೀರ್ಪುಗಾರರ ತೋಳು ಹಿಡಿದರು. ಜನ ಬಿದ್ದು ಬಿದ್ದು ನಕ್ಕರು.

ಅಳಿಯನಿಗೆ ಅಳುವೇ ಬಂತು. “ಬಿಟ್ಬಿಡಿ ಮಾವ, ನಿಮ್ಮ ಕಾಲಿಗೆ ಬೀಳ್ತೀನಿ. ನಾಳೆಯಿಂದ್ಲೇ ಅಂಗಡೀಲಿ ಕೂತ್ಕೋತೀನಿ.”

“ಅಂಗಡೀಲಾ? ಇಂಥ ಕೈ ಇಟ್ಕೊಂಡು?” ಮಾವ ಮಗನ ಹೆಗಲಿನಿಂದ ಬ್ಯಾಗು ಕಿತ್ತುಕೊಂಡರು. “ಅಂಗಡಿ ಇವನು ನೋಡ್ಕೋತಾನೆ. ಇನ್ಮೇಲೆ ನಿಮ್ಮ ಜೊತೆ ನಾನೇ ಬರ್ತೀನಿ, ನಡೀರಿ!”