ಮೊದಲನೆಯ ಪಕ್ಕೆಲುಬಿನ ಪಂಚಾಯ್ತಿ

ಕಾಯಿಲೆ ಬಂದರೆ ಜ್ವರದಂಥದ್ದು ಬರಬೇಕು. ಹಣೆ ಮುಟ್ಟಿದವರೆಲ್ಲ "ಅಯ್ಯೋ ಪಾಪ" ಎನ್ನುತ್ತಾರೆ. ನನಗೆ ಬಂದದ್ದು ಕೈ ಮೇಲೆತ್ತಿದಾಗ ಮಾತ್ರ ಇರುವ, ಇಳಿಸಿದರೆ ಮಾಯವಾಗುವ ಕಾಯಿಲೆ. ನಾನು ತಿ. ನರಸೀಪುರದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಬೋರ್ಡಿನ ಮೇಲೆ ಎರಡು ಸಾಲು ಬರೆಯುವಷ್ಟರಲ್ಲಿ ಬಲಗೈ ಜೋಮು ಹಿಡಿದು ಸೀಮೆಸುಣ್ಣ ಕೆಳಕ್ಕೆ ಬೀಳುತ್ತಿತ್ತು. ನಂಜನಗೂಡಿನ ಮನೆಯಿಂದ ಹೋಗಿಬರುವ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತರೂ ಅದೇ ಪಾಡು. ಹೆಡತಲೆ ಊರಿನ ಹೆಣ್ಣಾದ ನನ್ನ ಹೆಂಡತಿ ಜಯಮ್ಮ ಮಾತ್ರ, "ಅಟ್ಟದಿಂದ ಡಬ್ಬ ಇಳ್ಸಿ ಅಂದ್ರೆ ಸಾಕು, ನಿಮ್ಗೆ ಜೋಮು ಇಡೀತದೆ" ಎಂದುಬಿಟ್ಟಳು.

ಮೊದಲ ಡಾಕ್ಟರು ಹೃದಯವೆಂದು ಇಸಿಜಿ ಮಾಡಿಸಿದರು. ನಾರ್ಮಲ್. ಎರಡನೆಯವರು ಕತ್ತಿನ ಸವಕಳಿಯೆಂದು ಸ್ಕ್ಯಾನ್ ಮಾಡಿಸಿದರು. ಅದೂ ನಾರ್ಮಲ್. ಮೈಸೂರಿನ ನರರೋಗದ ಡಾಕ್ಟರು ನನ್ನಿಂದ ಪೊಲೀಸರಿಗೆ ಶರಣಾದವನಂತೆ ಎರಡೂ ಕೈ ಎತ್ತಿಸಿ, ಮೂರು ನಿಮಿಷ ಮುಷ್ಟಿ ಬಿಚ್ಚಿ ಮುಚ್ಚಲು ಹೇಳಿದರು. ಒಂದೇ ನಿಮಿಷಕ್ಕೆ ನನ್ನ ಬಲಗೈ ಸೋತು ಇಳಿಯಿತು. "ಥೊರಾಸಿಕ್ ಔಟ್‌ಲೆಟ್ ಸಿಂಡ್ರೋಮ್ ಇರಬೇಕು. ಕೊರಳ ಮೂಳೆಗೂ ಮೊದಲನೆಯ ಪಕ್ಕೆಲುಬಿಗೂ ನಡುವೆ ನರ ಒತ್ತಿಹೋಗ್ತಿದೆ" ಎಂದು ಹೇಳಿ ನರದ ಪರೀಕ್ಷೆಗೆ ಬರೆದುಕೊಟ್ಟರು. ಅದೂ ನಾರ್ಮಲ್! "ಈ ಕಾಯಿಲೇಲಿ ರಿಪೋರ್ಟ್ ನಾರ್ಮಲ್ ಬರೋದೂ ನಾರ್ಮಲ್ಲೇ" ಎಂದರು. ಮೈ ಪರಚಿಕೊಳ್ಳುವಂತಾಯಿತು.

ಅವರು ಕಳಿಸಿದ ಸರ್ಜನ್ ಹತ್ತಿರ ಜಯಮ್ಮನೂ ಬಂದಳು. ಆಪರೇಷನ್ ಎಂದರೆ ಆ ಪಕ್ಕೆಲುಬನ್ನೇ ತೆಗೆಯುವುದಂತೆ.

"ವಾಸಿಯಾಗುತ್ತಾ ಸಾರ್?" ಎಂದೆ.

"ತುಂಬಾ ಜನಕ್ಕೆ ಆಗುತ್ತೆ, ಕೆಲವರಿಗೆ ಆಗಲ್ಲ. ನರಕ್ಕೆ ಪೆಟ್ಟಾಗೋ ಅಪಾಯವೂ ಇದೆ. ಮೂರು ತಿಂಗಳು ವ್ಯಾಯಾಮ ಮಾಡಿಯೂ ನೋಡಬಹುದು. ನಿರ್ಧಾರ ನಿಮ್ಮದು."

ನಿರ್ಧಾರ ನನ್ನದೇ ಆದರೆ ಇವರು ಅಷ್ಟು ವರ್ಷ ಓದಿದ್ದೇಕೆ? ಬಸ್ಸಿಳಿದು ಮನೆ ಹತ್ತಿರ ಬಂದಾಗ ಜಯಮ್ಮ, "ದೇವ್ರೇನು ಒಂದ್ ಮೂಳೆ ಜಾಸ್ತಿ ಇಟ್ಟವ್ನಾ? ಬರಿಯೋ ಕೈ ಕಣ್ರೀ ಅದು" ಎಂದಳು. ಅಲ್ಲಿಗೆ ತೀರ್ಮಾನವಾಯಿತು.

ಮೂರು ತಿಂಗಳು ನಂಜನಗೂಡಿನ ಫಿಸಿಯೋಥೆರಪಿ ಹುಡುಗಿ ನನ್ನನ್ನು ಡ್ರಿಲ್ ಮೇಷ್ಟ್ರಂತೆ ಗದರಿಸಿದಳು: "ಭುಜ ಹಿಂದಕ್ಕೆ ಸಾ! ಗೂನು ಬುಡಿ!" ಬೈದುಕೊಂಡೇ ಮಾಡಿದೆ. ಈಗ ಬೋರ್ಡು ತುಂಬ ಬರೆಯುತ್ತೇನೆ, ಪಕ್ಕೆಲುಬೂ ಇದ್ದಲ್ಲೇ ಇದೆ.

ಮೊನ್ನೆ ಸ್ಟಾಫ್ ರೂಮಿಗೆ ಕಾಫಿ ತಂದ ಅಟೆಂಡರ್ ನಂಜಪ್ಪ, "ಏನ್ ಸಾ, ಎದೆ ಉಬ್ಬಿಸ್ಕಂಡು ಓಡಾಡ್ತಿದ್ದೀರಿ. ಎಡ್‌ಮಾಷ್ಟ್ರಾಗಿ ಪ್ರಮೋಷನ್ ಬಂತಾ?" ಎಂದ. ಉಳಿದ ಮೇಷ್ಟ್ರುಗಳು ಎದ್ದು ಬಂದು ನನ್ನ ಕೈ ಕುಲುಕಿದರು. ಇಲ್ಲವೆಂದು ಹೇಳಬೇಕಿತ್ತು. ಹೇಳಿದೆ ಕೂಡ, ಕಾಫಿ ಕುಡಿದು ಮುಗಿಸಿದ ಮೇಲೆ.