ಎಲೆ ತಿನ್ನುವವು ನಮ್ಮ ಪೈಕಿ

ಡೈನೋಸಾರ್‌ಗಳಲ್ಲೂ ಜೈನರಿದ್ದರೆಂದು ಕಂಡುಹಿಡಿದವರು ನನ್ನ ಸೋದರತ್ತೆ! ವಿಜ್ಞಾನಿಗಳಿಗೆ ಸುದ್ದಿ ಇನ್ನೂ ಮುಟ್ಟಿಲ್ಲ, ಅಷ್ಟೆ.

ಆದದ್ದಿಷ್ಟು. ಉಗ್ಗಿಗೆ ಹೆದರಿ ಶಾಲೆಯಲ್ಲಿ ಬಾಯಿಯೇ ಬಿಡದ ನನ್ನ ಎಂಟು ವರ್ಷದ ಮಗಳಿಗೆ, ಹೆತ್ತವರೆಲ್ಲರ ಎದುರು ತನ್ನ ಇಷ್ಟದ ಪ್ರಾಣಿಯ ಬಗ್ಗೆ ಮಾತಾಡುವ ಕೆಲಸ ಬಂತು. “ನಾ ಹೋಗುದಿಲ್ಲ” ಎಂದು ಹಟ. ಪುಸಲಾಯಿಸಲು ನಾನೊಂದು ದಪ್ಪನೆಯ ಸಚಿತ್ರ ಡೈನೋಸಾರ್ ಕೋಶ ತಂದೆ. ಎರಡು ದಿನಕ್ಕೆಂದು ಮೂಡುಬಿದಿರೆಯಿಂದ ನಮ್ಮ ಬಂಟ್ವಾಳದ ಮನೆಗೆ ಬಂದಿದ್ದ ಅತ್ತೆಯ ಕೈಗೆ ಅದು ಸಿಕ್ಕಿದ್ದೇ ತಡ, ತಿಂಗಳಾದರೂ ಅವರು ಹೊರಡಲಿಲ್ಲ!

ಎಲೆ ತಿನ್ನುವವೆಲ್ಲ ನಮ್ಮ ಪೈಕಿ, ಮಾಂಸ ತಿನ್ನುವವಕ್ಕೆ ಇನ್ನೂ ಬುದ್ಧಿ ಬಂದಿಲ್ಲ ಎಂದು ತೀರ್ಪಾಯಿತು. ನಾವು ಜೈನರು ಗಡ್ಡೆಗೆಣಸು ಮುಟ್ಟದವರು ನೋಡಿ, ಮೂರು ಕೊಂಬಿನದೊಂದರ ಮೇಲೆ ಅತ್ತೆಗೆ ಸಂಶಯ.

“ಇದು ನೆಲ ಅಗೆದು ಗಡ್ಡೆ ತಿನ್ತದಾ?”

“ಪುಸ್ತಕದಲ್ಲಿ ಹಾಗೆ ಬರೆದಿಲ್ಲ ಅತ್ತೆ.”

“ಹಾಗಾದ್ರೆ ತಿನ್ನುದಿಲ್ಲ. ಮುಖ ನೋಡಿದ್ರೆ ಗೊತ್ತಾಗುದಿಲ್ವಾ ಮಾರಾಯ್ತಿ!”

ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ ಅತ್ತೆ, ಆಮೇಲೆ ಮೇಯುವ ಚಿತ್ರವಿರುವ ಪುಟವನ್ನೂ ತೆರೆಯಲು ಬಿಡುತ್ತಿರಲಿಲ್ಲ. ಬಸ್ಸಿಗಿಂತ ಉದ್ದದ ಪ್ರಾಣಿಗೂ ನಮ್ಮ ಮನೆಯಲ್ಲಿ ರಾತ್ರಿ ಉಪವಾಸ!

ಹೆಸರುಗಳ ಗತಿಯಂತೂ ಕೇಳಬೇಡಿ. ಅತ್ತೆಯ ಬಾಯಲ್ಲಿ ಸ್ಟೆಗೊಸಾರಸ್ ‘ತೊಗರಿಸಾರು’, ಉದ್ದ ಕುತ್ತಿಗೆಯ ಅಪಾಟೊಸಾರಸ್ ‘ಟೊಮೆಟೊಸಾರು’. ಇವರು ಡೈನೋಸಾರ್ ಕಲಿಯುತ್ತಿದ್ದಾರೋ ಮದುವೆಯೂಟಕ್ಕೆ ಪಟ್ಟಿ ಮಾಡುತ್ತಿದ್ದಾರೋ? ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಾ, ತಡವರಿಸುತ್ತಲೇ ತಿದ್ದುತ್ತಿದ್ದಳು. ಅತ್ತೆ ಮರುದಿನ ಮತ್ತೆ ತಪ್ಪುತ್ತಿದ್ದರು.

ಕೊನೆಗೆ ಅತ್ತೆಯನ್ನು ಕರೆದುಕೊಂಡೇ ಮಗಳು ಶಾಲೆಗೆ ಹೊರಟಳು, ಜೊತೆಗೆ ನಾನೂ. ತರಗತಿಯಲ್ಲಿ ಎದ್ದು ನಿಂತು, “ನನ್ನ ಇಷ್ಟದ ಪ್ರಾಣಿ ಅ... ಅ...” ಎಂದವಳು ಅಲ್ಲಿಗೇ ನಿಂತಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅವಳ ಮಾತು ಸಿಕ್ಕಿಕೊಂಡಾಗಲೆಲ್ಲ ಅದನ್ನು ನಾನೇ ಮುಗಿಸಿಕೊಟ್ಟು ರೂಢಿ. ಬಾಯಿ ತೆರೆದೆ. ಅತ್ತೆ ನನ್ನ ಕೈಯನ್ನು ಗಟ್ಟಿಯಾಗಿ ಅದುಮಿ ಪಿಸುಗುಟ್ಟಿದರು.

“ನೀನು ಹೇಳ್ಬೇಡ. ಅಷ್ಟುದ್ದದ ಕುತ್ತಿಗೆಯಿಂದ ಬರ್ಬೇಕಲ್ಲ, ಹೊತ್ತು ಹಿಡೀತದೆ.”

ಕಾದೆವು. ಹೆಸರು ಬಂತು, ಇಡೀ ಬಂತು! ಮಗಳು ನನ್ನ ಕಡೆ ನೋಡಲೂ ಇಲ್ಲ, ಮುಂದಿನ ಮಾತಿಗೆ ಹೋದಳು. ನಾನು ಅತ್ತೆಯ ಸೆರಗಿನಲ್ಲೇ ಕಣ್ಣೊರೆಸಿಕೊಂಡೆ. ನನ್ನ ಮಗಳು ಶುರುಮಾಡಿದ ಮಾತನ್ನು ಅವಳೇ ಮುಗಿಸುವವರೆಗೆ ನಾನು ಸುಮ್ಮನೆ ಕೂತು ಕೇಳಿದ್ದು ಅದೇ ಮೊದಲು.