ಎರಡೂ ಪಕ್ಷದ ವಕೀಲಕಿ

ಮನೆಯಲ್ಲಿ ಒಬ್ಬರು ಪರೀಕ್ಷೆಗೆ ಕೂತರೆ ನಗೆಯ ಪ್ರಸಂಗಗಳು ಒಂದಾದಮೇಲೊಂದು ಆಗುತ್ತಲೇ ಇರುತ್ತವೆ. ನಾನಂತೂ ಒಂದೇ ಪರೀಕ್ಷೆಗೆ ಮೂರು ಸಲ ಕೂತವಳು. ಈಗೀಗ ಅವನ್ನು ನೆನೆದು ನಗುವಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತೇನೆ, ಅದು ಬೇರೆ ಮಾತು.

೧. ಪಕ್ಷಗಾರರು

ನಾನು ಭಾಲ್ಕಿಯಿಂದ ಉಮರ್ಗಾಕ್ಕೆ ಸೊಸೆಯಾಗಿ ಬಂದಾಗ ನಮ್ಮ ಮಾವನವರಿಗೂ ಸಾಸ್ತೂರಿನಲ್ಲಿದ್ದ ಅವರ ತಮ್ಮನಿಗೂ ಕೋರ್ಟಿನಲ್ಲಿ ಕೇಸು ನಡೆದಿತ್ತು. ಭೂಕಂಪದಲ್ಲಿ ಸಾಸ್ತೂರಿನ ಹಳೇ ಮನೆ ಬಿದ್ದಮೇಲೆ ಸರಕಾರ ಕಟ್ಟಿಕೊಟ್ಟ ಮನೆ ಅಣ್ಣನ ಹೆಸರಿಗೆ ಬಂದಿತ್ತು, ಅದರಲ್ಲಿ ಇದ್ದವರು ತಮ್ಮ. ನಾನು ವಕೀಲಿ ಓದುತ್ತೇನೆ ಅಂದದ್ದೇ ತಡ, ಮಾವ, "ಛಲೋ ಆತು. ನಮ್ಮ ಕೇಸ್ ನೀನೇ ನಡಸವ್ವಾ," ಅಂದರು.

ಮುಂದಿನ ವಾರ ಅಣ್ಣನ ಮನೆಗೆ ಜೋಳ ಕೊಡಲು ಬಂದ ಆ ತಮ್ಮ, ಅಂದರೆ ನಮ್ಮ ಕಾಕಾ, ನನ್ನನ್ನು ಹಿತ್ತಲಿಗೆ ಕರೆದು, "ಅಣ್ಣಾಗ ಹೇಳಬ್ಯಾಡ. ನೀ ವಕೀಲಕಿ ಆದಮ್ಯಾಲ ನನ್ನ ಕಡಿಂದ ನಿಂದ್ರಬೇಕು. ನಾನೂ ನಿನಗ ಮಾವನೇ ಅಲ್ಲೇನು?" ಅಂದರು.

ಇಬ್ಬರಿಗೂ ಹ್ಞೂಂ ಅಂದೆ. ಇನ್ನೂ ಫಾರ್ಮು ತುಂಬದವಳಿಗೆ ಇಬ್ಬರು ಪಕ್ಷಗಾರರು!

೨. ಉದಗೀರದ ಸೆಂಟರು

ಪ್ರವೇಶ ಪರೀಕ್ಷೆಯ ಸೆಂಟರು ಉದಗೀರದಲ್ಲಿ. ನನ್ನನ್ನು ಕರೆದೊಯ್ಯುವವರು ಯಾರು ಎಂಬುದಕ್ಕೂ ಜಗಳವಾಗಿ, ಕಡೆಗೆ ಇಬ್ಬರೂ ಬಂದರು. ನಿಲಂಗಾದಲ್ಲಿ ಬಸ್ಸು ನಿಂತಾಗ ಒಬ್ಬರು ಭಜಿ ತಂದರೆ ಇನ್ನೊಬ್ಬರು ಚಹಾ ತಂದರು. ಪಕ್ಕದಲ್ಲಿದ್ದವನು, "ಇವ್ರು ನಿಮಗ ಏನಾಗಬೇಕ್ರೀ?" ಎಂದು ಮಾವನನ್ನು ಕೇಳಿದ.

"ನನ್ನ ತಮ್ಮರೀ. ನನ್ನ ಮ್ಯಾಲ ಕೇಸ್ ಹಾಕ್ಯಾನ," ಅಂದರು ಮಾವ, ತಮ್ಮನ ಕೈಗೆ ಭಜಿ ಕೊಡುತ್ತ.

ಪರೀಕ್ಷೆಯಲ್ಲಿ ಬಂದ ಪ್ರಶ್ನೆಯೂ ಅದೇ: ಇಬ್ಬರು ಅಣ್ಣತಮ್ಮಂದಿರು, ಒಂದು ಮನೆ, ಹಕ್ಕು ಯಾರದು? ಕಿಟಕಿಯಾಚೆ ನೋಡಿದೆ. ಇಬ್ಬರೂ ಬೇವಿನ ಮರದ ಕೆಳಗೆ ಒಂದೇ ಡಬ್ಬಿಯಿಂದ ಉಣ್ಣುತ್ತಿದ್ದರು. ಆ ಒಂದು ಪ್ರಶ್ನೆಗೆ ಉತ್ತರ ಗೊತ್ತಿದ್ದೂ ಬರೆಯದೆ ಎದ್ದುಬಂದೆ.

೩. ಮುಂದಿನ ತಾರೀಖು

ಬಂದ ಮಾರ್ಕಿಗೆ ಹತ್ತಿರದ ಸಣ್ಣ ಕಾಲೇಜಿನಲ್ಲಿ ಸೀಟು ಸಿಗುತ್ತಿತ್ತು. ನನಗೆ ಸೊಲ್ಲಾಪುರದ ದೊಡ್ಡ ಕಾಲೇಜೇ ಆಗಬೇಕಿತ್ತು. "ಮುಂದಿನ ವರ್ಷ ಮತ್ತೊಮ್ಮೆ ಬರೀತೀನ್ರೀ," ಅಂದೆ.

"ಸಣ್ಣ ಕಾಲೇಜಾದ್ರ ಏನಾತವ್ವಾ? ಕರೀ ಕೋಟು ಎಲ್ಲಾ ಕಡೀ ಕರೀನೇ ಇರತದ," ಅಂದರು ಮಾವ. ನಾನು ಕೇಳಲಿಲ್ಲ. ಮರುವರ್ಷ ಮಾರ್ಕು ಇನ್ನೂ ಇಳಿಯಿತು. ಆ ಮೊದಲ ವರ್ಷವೇ ಸುಮ್ಮನೆ ಸೇರಿಬಿಡಬೇಕಿತ್ತು. ಈ ಮಾತು ಈಗಲೂ ರೊಟ್ಟಿ ತಟ್ಟುವಾಗ ನೆನಪಾಗಿ ಹಂಚಿನ ಮೇಲಿನ ರೊಟ್ಟಿ ಸೀದುಹೋಗುತ್ತದೆ.

ಅತ್ತ ನಮ್ಮ ಉಮರ್ಗಾದ ಕೋರ್ಟಿನಲ್ಲಿ ಅಣ್ಣತಮ್ಮ ಇಬ್ಬರೂ ಮುಂದಿನ ತಾರೀಖು ಕೇಳುತ್ತಲೇ ಇದ್ದರು. ಜಡ್ಜ್ ಸಾಹೇಬರಿಗೆ ಸಿಟ್ಟು ಬಂತಂತೆ. ಒಂದು ಪಕ್ಷ ತಾರೀಖು ಕೇಳುವುದುಂಟು, ಎರಡೂ ಪಕ್ಷ ಯಾಕೆ ಕೇಳುತ್ತೀರಿ ಎಂದು ಗದರಿದರಂತೆ.

ಇಬ್ಬರೂ ಕೈ ಮುಗಿದು ಹೇಳಿದರಂತೆ: "ನಮ್ಮ ಸೊಸಿ ರಿಜಲ್ಟ್ ಇನ್ನಾ ಬಂದಿಲ್ರೀ ಸಾಹೇಬ್ರ."

೪. ಕರೀ ಕೋಟು

ಮೂರನೆಯ ಸಲ ಬರೆದಾಗ ಸಿಕ್ಕಿದ್ದು ಅದೇ ಸಣ್ಣ ಕಾಲೇಜು. ಈ ಸಲ ಬಾಯಿ ಮುಚ್ಚಿಕೊಂಡು ಸೇರಿದೆ. ಕೊನೆಯ ವರ್ಷದ ಓದು ನಡೆದಾಗ ಮಾವ ತೀರಿಕೊಂಡರು. ಮೊದಲ ಸಲವೇ ಸೇರಿದ್ದರೆ ನನ್ನ ಕೋಟು ಅವರು ಕಣ್ಣಾರೆ ನೋಡುತ್ತಿದ್ದರು. ಅಷ್ಟು ದೊಡ್ಡ ಆಸೆಯೇನೂ ಆಗಿರಲಿಲ್ಲ ಅವರದು.

ನನಗೆ ವಕೀಲಿ ಮಾಡುವ ಸನದು ಸಿಕ್ಕಿತೆಂದು ಕೇಳಿ ಕಾಕಾ ಸಾಸ್ತೂರಿನಿಂದ ಬಂದರು. ನೀರಿನ ತಂಬಿಗೆ ಕೊಡುತ್ತಲೇ, "ಕಾಕಾ, ಮಾವರ ವಿರುದ್ಧ ನಾ ಹ್ಯಾಂಗ ನಿಂದ್ರಲಿರೀ?" ಅಂದೆ.

"ಕೇಸ್ ವಾಪಸ್ ತಗೊಂಡೆನವ್ವಾ. ಅಣ್ಣಾನೇ ಇಲ್ಲ, ಯಾರ ಜೋಡಿ ಜಗಳಾ ಮಾಡ್ಲಿ?" ಎಂದು ಟವೆಲಿನಿಂದ ಮುಖ ಒರೆಸಿಕೊಂಡರು. ನನಗೂ ಅಳು ಬಂತು. ಆಮೇಲೆ ಕಾಕಾ ಗೂಟಕ್ಕೆ ಹಾಕಿದ್ದ ನನ್ನ ಹೊಸ ಕೋಟನ್ನು ನೋಡಿ ಮೆಲ್ಲಗೆ ಕೇಳಿದರು:

"ತಾರೀಖಿನ ನೆವ ಮಾಡ್ಕೊಂಡು ಈ ಮನಿಗಿ ಬರ್ತಿದ್ದೆ. ಇನ್ನ ಏನಂತ ಬರ್ಲಿ? ನಿನ್ನ ಗಂಡನ ಮ್ಯಾಲ ಒಂದು ಸಣ್ಣ ಕೇಸ್ ಹಾಕ್ಲೇನವ್ವಾ?"